ಐರಿಸ್ ಪಾತಿಯ ಚಿತ್ರ

ಸೇನ್ ನದಿ ದಂಡೆಯ ನಮ್ಮೂರಿನಲ್ಲಿ ಝೆಲೀ ಬೂರ್ದೊನ್ ಎಂದರೆ ದೊಡ್ಡಮನೆ ತೋಟದ ಮಾಲಿ ಅರ್ಸೆನ್‌ನ ಹೆಂಡತಿ, ಅಷ್ಟೇ. ಮದುವೆಯಾಗಿ ಇಪ್ಪತ್ತು ವರ್ಷ ಹಾಗೇ ಕಳೆಯಿತು. ಆಮೇಲೆ ದೊಡ್ಡಮನೆಗೆ ಬಾಡಿಗೆಗೆ ಬಂದ ಮುದಿ ಚಿತ್ರಕಾರ ವಾಲ್ಮೊರೆಲ್ ಕುಂಚ ತೊಳೆಯಲು ಅವಳನ್ನು ಇಟ್ಟುಕೊಂಡರು. ಒಂದು ದಿನ ಅವಳು, "ಮೊಸ್ಯೂ, ಆ ನೆರಳು ಕಪ್ಪಗಿಲ್ಲ ಅಲ್ವಾ? ನೇರಳೆ ಇದೆ" ಎಂದಳು. ಅವಳು ತೊಳೆದಿಟ್ಟ ಕುಂಚವನ್ನು ಅವರು ಅವಳ ಕೈಗೇ ವಾಪಸು ಕೊಟ್ಟು, ಕಲಿಸತೊಡಗಿದರು.

ಎಣ್ಣೆಬಣ್ಣದ ಪಾಠ ಹುಡುಗಾಟವಲ್ಲ. ಕಪ್ಪು ಮುಟ್ಟುವಂತಿಲ್ಲ. ಎಲೆ ಬಿಡಿಸುವಂತಿಲ್ಲ, ಎಲೆಯ ಮೇಲಿನ ಬೆಳಕನ್ನು ಚುಕ್ಕೆ ಚುಕ್ಕೆಯಾಗಿ ಇಡಬೇಕು. ಹಸಿ ಬಣ್ಣಗಳು ಕಲಸಿ ಕೆಸರಾದರೆ ಕೆರೆದು ಮತ್ತೆ ಶುರು. ಎಲ್ಲಕ್ಕಿಂತ ಕಟ್ಟುನಿಟ್ಟು, ಕಣ್ಣೆದುರು ಇಲ್ಲದ್ದನ್ನು ಬರೆಯಕೂಡದು. ಬೆಳಗಿನ ಎಂಟರ ಚಿತ್ರ ಎಂಟಕ್ಕೇ, ಒಂಬತ್ತಾದರೆ ಎತ್ತಿಡಬೇಕು. ಬಟ್ಟೆ ಒಗೆಯುವ ಕಟ್ಟೆಯ ಹೆಂಗಸರು ಬಿಡುತ್ತಾರೆಯೇ?

"ಏನೇ ಝೆಲೀ, ನೆರಳಿಗೆ ನೇರಳೆ ಹಚ್ತೀಯಂತೆ! ನಿನ್ ಗಂಡನ ಮೂಗಿಗೆ ಯಾವ್ದೇ?"

"ಕೆಂಪು ಕಣೇ, ಸೈಡರ್ ಕುಡಿದಿರ್ತಾನಲ್ಲ!" ಎಂದು ಅವಳೂ ನಗುತ್ತಿದ್ದಳು.

ಪಾಠದ ನಾಲ್ಕನೆಯ ವರ್ಷದ ಮೇ ತಿಂಗಳಲ್ಲಿ ತೋಟದ ಐರಿಸ್ ಹೂವಿನ ಪಾತಿಯನ್ನು ಬರೆಯಲು ಹಿಡಿದಳು. "ಇದನ್ನ ಮುಗಿಸಮ್ಮ. ರೂಆನ್ ಪಟ್ಟಣದ ಚಿತ್ರಪ್ರದರ್ಶನಕ್ಕೆ ನಿನ್ನ ಹೆಸರಲ್ಲೇ ಕಳಿಸೋಣ" ಎಂದರು ಗುರುಗಳು. ಇನ್ನು ನಾಲ್ಕು ಬೆಳಗು ಸಿಕ್ಕಿದ್ದರೆ ಸಾಕಿತ್ತು. ಅಂದು ರಾತ್ರಿ ಸೂಪು ಬಡಿಸುತ್ತಾ ಗಂಡನಿಗೆ ಅದನ್ನೆಲ್ಲ ಹೇಳಿದಳು. ಅವನು ಬ್ರೆಡ್ಡು ಅದ್ದುತ್ತಾ "ಹ್ಞೂಂ" ಅಂದ.

ಮರುದಿನ ಎಂಟಕ್ಕೆ ಪಾತಿಯಲ್ಲಿ ಒಂದು ಹೂವೂ ಇಲ್ಲ. ದಂಟುಗಳನ್ನು ಬುಡಕ್ಕೇ ಕೊಯ್ದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳ ಅನುಮಾನ ಹೋದದ್ದು ಗುರುವಿನ ಮೇಲೆ. ಅವರೂ ಅದೇ ಪಾತಿಯನ್ನು ಬರೆಯುತ್ತಿದ್ದರು. ಕುಂಚ ತೊಳೆಯುವವಳು ಮುಂದೆ ಹೋದರೆ ಹೊಟ್ಟೆ ಉರಿಯದೆ ಇದ್ದೀತೇ? ಓಡಿಹೋಗಿ ಬಾಯಿಗೆ ಬಂದಂತೆ ಬೈದಳು. ಮುದುಕರು ತಮ್ಮ ಕ್ಯಾನ್ವಾಸ್ ತಿರುಗಿಸಿ ತೋರಿಸಿದರು. ಬಲಭಾಗವಿಡೀ ಇನ್ನೂ ಬರಿದಾಗಿತ್ತು.

"ನಂದೂ ಹೋಯ್ತಲ್ಲಮ್ಮ. ಕೊಯ್ಯೋಕೆ ನಾನು ಯಾರಿಗೂ ಹೇಳಿಲ್ಲ."

ಆ ತೋಟದಲ್ಲಿ ಕುಡುಗೋಲು ಹಿಡಿಯುವವನು ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅರ್ಸೆನ್ ಹುರುಳಿಕಾಯಿ ಬಳ್ಳಿಗೆ ಕೋಲು ನೆಡುತ್ತಿದ್ದ. "ಹೂ ಬಾಡಿತ್ತು, ಕೊಯ್ದೆ. ಮಾಲಿ ಕೆಲಸ ಅದೇ ತಾನೇ?"

"ಮೇಲಿಂದು ಬಾಡಿದ್ರೆ ಕೆಳಗಿನ ಮೊಗ್ಗು ಅರಳತ್ತೆ. ಅದನ್ನ ನಂಗೆ ಹೇಳ್ಕೊಟ್ಟಿದ್ದೇ ನೀನು."

ಅವನು ತಲೆ ಎತ್ತಲಿಲ್ಲ. "ಸೈಡರ್ ಅಂಗಡೀಲಿ ನಂಗೆ ಹೆಸರೇ ಇಲ್ಲ ಈಗ. 'ಚಿತ್ರಗಾರ್ತಿ ಗಂಡ ಬಂದ, ಜಾಗ ಬಿಡ್ರೋ' ಅಂತಾರೆ. ರೂಆನ್‌ಗೆ ಹೋದ್ಮೇಲೆ ನೀನು ವಾಪಸ್ ಬರ್ತಿದ್ಯಾ?"

ಬರುತ್ತಿದ್ದಳು. ಅವನನ್ನು ಬಿಟ್ಟು ಹೋಗುವ ಯೋಚನೆ ಅವಳಿಗೆ ಕನಸಿನಲ್ಲೂ ಬಂದಿರಲಿಲ್ಲ. ಅವಳ ಚಿತ್ರದ ಮೂಲೆಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ ನೀಲಿ ಅಂಗಿಯವನು ಇವನೇ. ನೋಡಿದರೆ ಹಿಗ್ಗುತ್ತಾನೆಂದು ಗುಟ್ಟಾಗಿ ಇಟ್ಟುಕೊಂಡಿದ್ದಳು. ಅದನ್ನು ಹೇಳಬೇಕೆನಿಸಿತು. ಗಂಟಲಿನಿಂದ ಹೊರಟಿದ್ದು ಮಾತ್ರ ಬೇರೆ.

"ನಾಲ್ಕೇ ದಿನ ಬೇಕಾಗಿತ್ತು ನಂಗೆ. ಗೊತ್ತಿತ್ತಾ?"

"ಗೊತ್ತಿತ್ತು," ಎಂದ ಅರ್ಸೆನ್. "ಅದಕ್ಕೇ ಇವತ್ತೇ ಕೊಯ್ದೆ."