ಅಣ್ಣನ ಕಾರಿಗೆ ಹಿಂದಿನ ಆಕ್ಸಲ್

ಅಣ್ಣನಿಗೆ ಲಕ್ವ ಹೊಡೆಯುವ ಮೊದಲೇ ಅವನ ಕಾರು ಕೆಟ್ಟು ನಿಂತಿತ್ತು. ಮಣ್ಣಿನ ರೇಸೊಂದರ ಕೊನೆಯ ಏರಿನಲ್ಲಿ ಹಿಂದಿನ ಆಕ್ಸಲ್ ಒಳಗಿನ ಹಲ್ಲುಗಳು ಮುರಿದು, ಎಂಜಿನ್ ಎಷ್ಟು ಕೂಗಿಕೊಂಡರೂ ಗಾಡಿ ಕದಲಲಿಲ್ಲ. ಆಗ ಪಕ್ಕದ ಸೀಟಿನಲ್ಲಿ ಕೂತು ತಿರುವುಗಳನ್ನು ಕೂಗಿ ಹೇಳುತ್ತಿದ್ದವಳು ನಾನು. ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹೆಂಗಸು ರಜೆ ಬಂದರೆ ಹೆಲ್ಮೆಟ್ ಹಾಕಿಕೊಂಡು ಅಣ್ಣನ ಜೊತೆ ರೇಸಿಗೆ ಹೊರಡುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಅದು ಈಗ ಯಾರೂ ತಯಾರಿಸದ ಹಳೆಯ ಕಾರು. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುವಂಥದು. ಕೊಳ್ಳೇಗಾಲದ ಮನೆಗೆ ಅಂಟಿಕೊಂಡಿದ್ದ ತನ್ನ ಗ್ಯಾರೇಜಿನಲ್ಲಿ ಅಣ್ಣ ಅದಕ್ಕೆ ದೊಡ್ಡ ಎಂಜಿನ್ ಕೂರಿಸಿದ್ದ, ಹಿಂದಿನ ಸೀಟು ಕಿತ್ತು ಹಗುರ ಮಾಡಿದ್ದ. ಬೇರೆ ಆಕ್ಸಲ್ ಹುಡುಕುತ್ತಿರುವಾಗಲೇ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲಲ್ಲಿ ಕುಸಿದ. ಎಡಗಡೆ ಪೂರ್ತಿ ಹೋಯಿತು. ಮಾತು ಬೇಗ ಮರಳಿತು. ಕೈಕಾಲು ಮರಳಲಿಲ್ಲ. ಕೋಲು ಹಿಡಿದು ಕಾಲು ಎಳೆಯುತ್ತಾ ನಡೆಯುವಷ್ಟಾದ ಮೇಲೆ, ಇನ್ನು ಸುಧಾರಣೆ ಕಷ್ಟ ಎಂದು ಡಾಕ್ಟರು ಅತ್ತಿಗೆಯನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು. ಅಣ್ಣನಿಗೆ ನಾವು ಹೇಳಲಿಲ್ಲ. ಅವನು ದಿನಾ ಬೆಳಿಗ್ಗೆ ಕಿಟಕಿಯ ಸರಳಿಗೆ ಕಟ್ಟಿದ ಹಗ್ಗ ಹಿಡಿದು ವ್ಯಾಯಾಮ ಮಾಡುತ್ತಿದ್ದ. ಬಂದವರಿಗೆಲ್ಲ ಒಂದೇ ಮಾತು.

"ಆಕ್ಸಲ್ ಒಂದು ಸಿಕ್ಬುಡ್ಲಿ, ಆಮೇಲೆ ನೋಡ್ರಿ."

ಸಿಕ್ಕಿತು. ಹನೂರು ರಸ್ತೆಯಲ್ಲಿ, ಬಂಡಳ್ಳಿಗೆ ತಿರುಗುವ ಮೊದಲು ಗುಜರಿ ಅಂಗಡಿ ಇಟ್ಟಿದ್ದ ಅಣ್ಣನ ಹಳೆಯ ಗೆಳೆಯ ಫೋನ್ ಮಾಡಿದ. ಅದೇ ಕಾರಿನವು ಎರಡು ಆಕ್ಸಲ್ ಬಂದಿವೆ, ಯಾವುದು ಪೆಟ್ರೋಲ್ ಗಾಡಿಯದು, ಯಾವುದು ಡೀಸೆಲ್ ಗಾಡಿಯದು ತಿಳಿಯುತ್ತಿಲ್ಲ, ಬಂದು ನೋಡಿ ಎಂದ. ಹೊರಗಿನಿಂದ ಎರಡೂ ಒಂದೇ. ಒಳಗಿನ ಹಲ್ಲಿನ ಲೆಕ್ಕ ಮಾತ್ರ ಬೇರೆ. ಅಣ್ಣನಿಗೆ ಬೇಕಾಗಿದ್ದದ್ದು ಮಣ್ಣಿನಲ್ಲಿ ಜೋರಾಗಿ ಎಳೆಯುವಂಥದು.

ಭಾನುವಾರ ಗೂಡ್ಸ್ ಆಟೋದಲ್ಲಿ ಹೋದೆವು. ಕಬ್ಬಿಣದ ರಾಶಿಯ ನಡುವೆ ಅಣ್ಣ ನಡೆಯುವಂತಿರಲಿಲ್ಲ. ಡ್ರೈವರ್ ಪಕ್ಕದಲ್ಲೇ ಕೂತು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ಆಕ್ಸಲ್‌ಗಳು ಪಾರ್ಥೇನಿಯಂ ಗಿಡಗಳ ಮಧ್ಯೆ ಬಿದ್ದಿದ್ದವು. ಗೆಳೆಯ ಒಂದನ್ನು ಎತ್ತಿ ಕಲ್ಲುಗಳ ಮೇಲೆ ಇಟ್ಟುಕೊಟ್ಟ. ಉದ್ದ ಅಳೆದೆ. ಸರಿಯಾಗಿತ್ತು.

"ಸೀಮೆಸುಣ್ಣದಲ್ಲಿ ಡ್ರಮ್ಮಿಗೊಂದು, ಮೂತಿಗೊಂದು ಗೀಟು ಆಕು," ಎಂದ ಅಣ್ಣ. ಡ್ರಮ್ಮೆಂದರೆ ಚಕ್ರ ಕೂರುವ ತುದಿ, ಮೂತಿಯೆಂದರೆ ಎಂಜಿನ್ ಕಡೆಯ ಶಾಫ್ಟ್ ಬಂದು ಸೇರುವ ಜಾಗ. "ಒಂದು ಕಡೆ ಡ್ರಮ್ಮ ಅವನು ಅಲ್ಲಾಡದಂಗೆ ಇಡ್ಕಳ್ಲಿ. ಇನ್ನೊಂದ ನೀನು ಎರಡು ಸುತ್ತು ತಿರುಗ್ಸು. ಮೂತಿ ಎಷ್ಟು ಸುತ್ತು ಬತ್ತದ ಎಣುಸು. ಜಾಸ್ತಿ ಸುತ್ತು ಬಂದಷ್ಟೂ ಎಳೆತ ಜಾಸ್ತಿ."

ಮೊದಲನೆಯದು ನಾಲ್ಕು ಸುತ್ತು ತುಂಬಲೇ ಇಲ್ಲ.

"ಅದು ಬ್ಯಾಡ. ಇನ್ನೊಂದು ನೋಡು."

ಎರಡನೆಯದು ನಾಲ್ಕು ದಾಟಿ ಇನ್ನೂ ಅರ್ಧ ಸುತ್ತು ಬಂತು. ಮತ್ತೊಮ್ಮೆ ಎಣಿಸಿದೆ. ಅಷ್ಟೇ. ಹಿಂದಿನ ಮುಚ್ಚಳ ಬಿಚ್ಚಿ, ಕಪ್ಪು ಆಯಿಲನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ಒಂದೊಂದೇ ಹಲ್ಲು ನೋಡಿದೆ. ಎಲ್ಲೂ ಮುಕ್ಕಾಗಿರಲಿಲ್ಲ. ಕೂಗಿ ಹೇಳಿದೆ.

"ಅದೇ ಕಣವ್ವ," ಎಂದ ಅಣ್ಣ. ಬಲಗೈಯಿಂದ ಆಟೋದ ಬಾಗಿಲನ್ನು ಬಡಿಯತೊಡಗಿದ. "ಅದೇ! ತಕಂಡು ಓಗವ, ಆಕು ಗಾಡಿಗೆ!"

ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಕೇಳಿ ಬಹಳ ಕಾಲವಾಗಿತ್ತು. ಗೆಳೆಯ ನನ್ನ ಮುಖ ನೋಡಿದ. ನಾನು ಮುಚ್ಚಳದ ಬೋಲ್ಟುಗಳನ್ನು ಹುಡುಕುವವಳಂತೆ ಬಗ್ಗಿದೆ.

ಮುಂದಿನ ಭಾನುವಾರ ಗೆಳೆಯನೇ ಗ್ಯಾರೇಜಿಗೆ ಚೈನ್ ಪುಲ್ಲಿ ತಂದ. ಕಾರಿನ ಹಿಂಭಾಗ ಎತ್ತಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದೆವು. ನಾನು ಹಳೆಯ ಚೂಡಿದಾರ ಹಾಕಿಕೊಂಡು ಕೆಳಗೆ ನುಸುಳಿದೆ. ಆಕ್ಸಲನ್ನು ಬಿಗಿದಿದ್ದ ಯು ಬೋಲ್ಟುಗಳು ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲ, ಕಟ್ ಮಾಡಬೇಕಾಯಿತು. ಬ್ರೇಕ್ ಪೈಪ್ ಬಿಚ್ಚುವಾಗ ಹಳೆಯ ಆಯಿಲ್ ಕಣ್ಣಿಗೆ ಬಿತ್ತು. ಹಳೆಯ ಆಕ್ಸಲ್ ಇಳಿಸಿ ಹೊಸದನ್ನು ಸ್ಪ್ರಿಂಗಿನ ಪಟ್ಟಾಗಳ ಮೇಲೆ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪ್ರತಿಯೊಂದನ್ನೂ ಹೇಳುತ್ತಿದ್ದ.

"ಈಗ್ಲೇ ಪೂರ್ತಿ ಟೈಟ್ ಮಾಡ್ಬ್ಯಾಡ ಕಣವ್ವ. ಗಾಡಿ ನೆಲಕ್ಕೆ ಇಳ್ದು ಭಾರ ಕೂತ್ಮೇಲೆ ಮಾಡು."

ನೀರು ಕುಡಿಯಲು ಒಳಗೆ ಹೋದಾಗ ಅತ್ತಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಅವ್ರು ಓಡುಸ್ತಾರ?" ಎಂದರು.

"ನೋಡೋಣ ಅತ್ತಿಗೆ."

"ಏನ ನೋಡದು? ಡಾಕ್ಟ್ರು ಏಳ್ದಾಗ ನೀನೂ ಅಲ್ಲೇ ನಿಂತಿದ್ದೆ."

ನಾನು ಲೋಟ ಇಟ್ಟು ಹೊರಗೆ ಬಂದೆ. ಶಾಫ್ಟ್ ಜೋಡಿಸಿದೆವು, ಆಯಿಲ್ ತುಂಬಿದೆವು, ಬ್ರೇಕಿನ ಗಾಳಿ ತೆಗೆದೆವು, ಗಾಡಿ ಇಳಿಸಿ ಬೋಲ್ಟ್ ಬಿಗಿದೆವು. ಗೆಳೆಯ ಕೈ ಒರೆಸಿಕೊಳ್ಳುವ ಮೊದಲೇ ಅಣ್ಣ ಕುರ್ಚಿಯಿಂದ ಎದ್ದಿದ್ದ.

"ನಾನು ಕೂರ್ತೀನಿ."

ಇಬ್ಬರೂ ಹಿಡಿದು ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಬಲಗೈಯಿಂದ ಎಡತೊಡೆಯನ್ನು ಎತ್ತಿ, ಪಾದವನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡ. ಒತ್ತಿದ. ಕತ್ತಿನ ನರ ಉಬ್ಬಿತು, ತುಟಿ ಕಚ್ಚಿದ, ಪೆಡಲ್ ಕದಲಲಿಲ್ಲ. ಪಾದ ಜಾರಿ ಕೆಳಗೆ ಬಿತ್ತು. ಮತ್ತೆ ಎತ್ತಿ ಇಟ್ಟ. ಮತ್ತೆ ಜಾರಿತು. ಆಮೇಲೆ ಬಲಗೈಯಿಂದ ಎಡಗೈಯನ್ನು ಎತ್ತಿ ಗೇರಿನ ಮೇಲೆ ಇಟ್ಟ. ಮುದುರಿದ ಬೆರಳುಗಳು ಅದನ್ನು ಹಿಡಿಯಲಿಲ್ಲ. ಗೆಳೆಯ ಪುಲ್ಲಿಯ ಚೈನ್ ಸುತ್ತಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದ.

ಅಣ್ಣ ಎಡಗೈಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, "ನೀನೇ ಓಡ್ಸವ್ವ," ಎಂದ.

ಅವನನ್ನು ಆಚೆ ಸೀಟಿಗೆ ದಾಟಿಸಿ, ಮುಳ್ಳೂರಿನ ಕಡೆ ಗಾಡಿ ಬಿಟ್ಟೆ. ಸಂಜೆಯಾಗುತ್ತಿತ್ತು. ಗದ್ದೆ ಬಯಲಿನ ಮಣ್ಣುದಾರಿಗೆ ಇಳಿದು ಆಕ್ಸಿಲರೇಟರ್ ಒತ್ತಿದಾಗ ಕಾರು ಹಿಂದಿನಿಂದ ಯಾರೋ ನೂಕಿದಂತೆ ನುಗ್ಗಿತು. ಆಕ್ಸಲ್‌ನಿಂದ ಗೊರಗೊರವೂ ಇಲ್ಲ, ಶಿಳ್ಳೆಯೂ ಇಲ್ಲ. ಅಂಥ ಎಳೆತ ಆ ಗಾಡಿಗೆ ಮೊದಲು ಇರಲೇ ಇಲ್ಲ. ನನಗೆ ಒಂದು ಕ್ಷಣ ಖುಷಿಯಾಯಿತು. ಅಣ್ಣ ಎಡಕ್ಕೋ ಬಲಕ್ಕೋ ಹೇಳಬಹುದು ಎಂದು ಕಾದೆ. ಅವನು ತಲೆ ವಾಲಿಸಿಕೊಂಡು ಕೆಳಗಿನ ಸದ್ದನ್ನೇ ಕೇಳುತ್ತಿದ್ದ.

"ಚೆಂದಾಗಿ ಕೂತದ," ಎಂದ ಕೊನೆಗೆ. "ಏನೂ ತಪ್ಪಿಲ್ಲ." ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಗಾಡಿ ಕೆಟ್ಟಿದ್ದಾಗ್ಲೇ ವಾಸಿಯಾಗಿತ್ತು ಕಣವ್ವ," ಎಂದ.

"ಯಾಕಣ್ಣ?"

"ಅದು ರಿಪೇರಿ ಆದ್ರೆ ಓಡುಸ್ತೀನಿ ಅನ್ಕಂಡಿದ್ದೆ. ಈಗ ಅದು ನೆಟ್ಟಗದ. ನಾನೊಬ್ಬನೇ ಉಳ್ದಿರದು."

ವ್ಯಾಯಾಮ ಬಿಡಬೇಡ ಎಂದೆ. ಅವನು ಕಿಟಕಿಯಾಚೆ ನೋಡುತ್ತಿದ್ದ. ಗಾಡಿ ತಿರುಗಿಸಿಕೊಂಡು ನಿಧಾನಕ್ಕೆ ವಾಪಸು ಬಂದೆ.

ಮರುದಿನ ಬೆಳಿಗ್ಗೆ ಅವನು ಹಗ್ಗದ ಹತ್ತಿರ ಹೋಗಲಿಲ್ಲ ಎಂದು ಅತ್ತಿಗೆ ಫೋನ್ ಮಾಡಿದರು. ಅದರ ಮರುದಿನವೂ ಇಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿಗೆ, ಸಾಕು ತಾಯಿ, ಇನ್ನು ಬರಬೇಡ ಎಂದುಬಿಟ್ಟನಂತೆ. ನಾನು ಹೋಗಿ ಬೈದೆ, ಅತ್ತುಬಿಟ್ಟೆ, ಅವನೆದುರು ಹಗ್ಗ ಹಿಡಿದು ನಿಂತೆ. "ಬುಡವ್ವ," ಎನ್ನುವನು, ಅಷ್ಟೇ. ಸಿಟ್ಟೂ ಮಾಡಿಕೊಳ್ಳಲಿಲ್ಲ. ಸಿಟ್ಟಾದರೂ ಮಾಡಿಕೊಂಡಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಕೋಲು ಹಿಡಿದು ಗ್ಯಾರೇಜಿನವರೆಗೆ ಬರುತ್ತಿದ್ದ ಅಷ್ಟು ನಡಿಗೆಯೂ ಕಳೆಯಿತು. ಈಗ ಮಂಚದಿಂದ ಜಗಲಿಗೆ ಬರಲು ಅತ್ತಿಗೆಯ ಭುಜ ಬೇಕು.

ಒಡೆಯರಪಾಳ್ಯದ ಆಚೆಯಿಂದ ರೇಸಿನ ಹುಚ್ಚಿನವನೊಬ್ಬ ಮಾರಾಟಕ್ಕಿಟ್ಟ ಕಾರನ್ನು ನೋಡಲು ಬಂದ. ಓಡಿಸಿ ನೋಡಿ, ಆಕ್ಸಲ್ ಯಾರು ಹಾಕಿದ್ದು, ಇಷ್ಟು ಚೆನ್ನಾಗಿದೆಯಲ್ಲ ಎಂದು ಕೇಳಿದ. ಅಣ್ಣ ನನ್ನ ಕಡೆ ಕೈ ತೋರಿಸಿದ. ಬಂದವನು ಕಾರು ಕೊಂಡು ಹೋಗುವಾಗ ಅಣ್ಣ ಜಗಲಿಗೆ ಬರಲಿಲ್ಲ. ಟಿವಿಯ ಸದ್ದು ಮಾತ್ರ ಜೋರಾಯಿತು.

ಈಗಲೂ ಶನಿವಾರ ಸ್ಕೂಲು ಮುಗಿಸಿ ಯಳಂದೂರಿನಿಂದ ಬಸ್ಸು ಹತ್ತಿ ಹೋಗುತ್ತೇನೆ. ಪಕ್ಕದಲ್ಲಿ ಕೂತು ಬಾಳೆಹಣ್ಣು ಸುಲಿದು ಕೊಡುತ್ತೇನೆ. ಬಿಸಿಲಿನ ಬಗ್ಗೆ, ಕರೆಂಟಿನ ಬಗ್ಗೆ ಮಾತಾಡುತ್ತೇವೆ.