ಪಕ್ಕದಲ್ಲಿ ಕೂತು ಹೇಳಿಕೊಡುವ ಗೇಮ್

ಚೌಕಾಸಿ ಮಾಡಿ ನನ್ನ ಅಕ್ಕನ ಮಗಳು ಸಹನಾಗೆ ಇಪ್ಪತ್ತೆಂಟು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದ್ದೆ. ಕಂಪ್ಯೂಟರ್ ಸೈನ್ಸ್ ಓದುವ ಅವಳಿಗೆ ವಿಡಿಯೊ ಗೇಮ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಬೇಕಿತ್ತು. ಅದಕ್ಕೆ ಸ್ವಂತ ಗೇಮ್ ಮಾಡಿ ಕಳಿಸಬೇಕಿತ್ತು.

ಕಳಿಸುವ ದಿನ ವಿಜಯನಗರದ ನನ್ನ ಪಾತ್ರೆ ಅಂಗಡಿಗೆ ಬಂದು, "ಮಾಮ, ಒಂದ್ಸಲ ಆಡಿ ನೋಡಿ" ಅಂದಳು. ರಶ್ ಬಸ್ಸಿನಲ್ಲಿ ಸೀಟು ಹಿಡಿಯುವ ಆಟ. ನಾನು ಬೆರಳಿಟ್ಟಿದ್ದೇ ತಡ, "ಅದಲ್ಲ ಮಾಮ! ಮೊದಲು ಬಾಗಿಲು ಒತ್ತಬೇಕು. ಅಯ್ಯೋ, ಆ ಕಡೆ ಅಲ್ಲ!" ಎಂದು ಶುರು ಮಾಡಿದಳು. ತಲೆ ಕೆಟ್ಟುಹೋಯಿತು.

"ಕಂಪನಿಯವರ ಪಕ್ಕದಲ್ಲೂ ಕೂತು ಹೀಗೇ ಹೇಳಿಕೊಡ್ತೀಯೇನೇ?"

"ಅವರಿಗೆಲ್ಲ ಗೊತ್ತಾಗುತ್ತೆ. ನಿಮಗೇ ಗೇಮ್ ಆಡೋಕೆ ಬರಲ್ಲ."

ರೇಗಿತು. ದಿನವಿಡೀ ಗೇಮ್ ಆಡುವ ಅವಳ ಗೆಳತಿಯನ್ನೇ ಕರೆಸಿ ಕೂರಿಸಿದೆ. ಸಹನಾ ತುಟಿ ಬಿಚ್ಚಕೂಡದು ಅಂದೆ. ಆ ಹುಡುಗಿಗೆ ಬಸ್ ಹತ್ತೋದಕ್ಕೇ ಆಗಲಿಲ್ಲ. "ಏನೇ ಇದು, ಕೆಟ್ಟೋಗಿದ್ಯಾ?" ಅಂದಳು. ಸಹನಾಳ ಮುಖ ಸಣ್ಣಗಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತು ಆಟದ ಶುರುವನ್ನೆಲ್ಲ ತಿದ್ದಿದಳು. ಗೆಳತಿ ತಾನಾಗಿ ಬಸ್ ಹತ್ತಿ ಸೀಟು ಹಿಡಿದ ಮೇಲೇ ಸಹನಾ ಅದನ್ನು ಕಂಪನಿಗೆ ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ.

ನಿಮ್ಮ ಮನೆ ಮಕ್ಕಳೂ ಹೀಗೆ ಗೇಮ್ ಕಂಪನಿಯ ಕೆಲಸಕ್ಕೆ ತಯಾರಾಗುತ್ತಿದ್ದರೆ, ಸುಮ್ಮನೆ ಚೆನ್ನಾಗಿದೆ ಅಂತ ಬೆನ್ನು ತಟ್ಟಬೇಡಿ. ಗೇಮನ್ನು ಹೊಸಬರ ಕೈಗೆ ಕೊಡಿ, ಮಾಡಿದವರನ್ನು ಟೀ ತರೋಕೆ ಕಳಿಸಿ.