ತಾರಾಬಾಯಿ ನಂಬದ ನೀರು

ಗೋವಾದ ಟೆಂಪೊ ಬಂದು ನಿಂತರೆ ತಾರಾಬಾಯಿ ಮೊದಲು ಮಾಲು ನೋಡುತ್ತಿರಲಿಲ್ಲ. ಸಮುದ್ರದ ನೀರು ತುಂಬಿ ತಂದ ಕ್ಯಾನಿನಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದಳು. ಡ್ರೈವರ್ ದಾರಿಯಲ್ಲೆಲ್ಲೋ ನಳದ ನೀರಿಗೆ ಉಪ್ಪು ಕಲಸಿ ತಂದಿರಬಹುದೆಂಬ ಗುಮಾನಿ. ಬೆಳಗಾವಿಯ ಕ್ಯಾಂಪಿನ ಮೀನು ಬಜಾರಿನಲ್ಲಿ ಅವಳ ಗುಮಾನಿಯಿಂದ ತಪ್ಪಿಸಿಕೊಂಡವರೇ ಇಲ್ಲ. ಬರ್ಫದವನು, ತಕ್ಕಡಿ ರಿಪೇರಿಯವನು, ಕೊನೆಗೆ ಚೌಕಾಸಿ ಮಾಡದೆ ಕೊಳ್ಳುವ ಗಿರಾಕಿ ಕೂಡ. ಅಂಥವನು ಖಂಡಿತ ಏನೋ ಮಸಲತ್ತು ನಡೆಸಿದ್ದಾನೆ ಎಂದೇ ಅವಳ ತೀರ್ಮಾನ.

ಅವಳು ಮಾರುತ್ತಿದ್ದದ್ದು ತಿಸರ್ಯಾ, ಅಂದರೆ ಸಮುದ್ರದ ಚಿಪ್ಪುಮೀನು. ಉಳಿದವರು ಬಂದ ದಿನವೇ ಮಾರಿ ಕೈ ತೊಳೆದುಕೊಂಡರೆ, ಇವಳು ಎರಡು ದಿನ ಟಬ್ಬಿನಲ್ಲಿಟ್ಟು ಬೆಳಿಗ್ಗೆ ಸಂಜೆ ಆ ಕ್ಯಾನಿನ ನೀರು ಹಾಕಿ ಬದಲಿಸುತ್ತಿದ್ದಳು.

"ಇವು ದಿನಾಪೂರ್ತಿ ನೀರ ಎಳಕೊಂಡ ಬಿಡತಾವ ತಮ್ಮಾ. ನೀರಾಗಿನ ವಿಷಾನೂ ಹೊಟ್ಟಿಗಿ ಹೋಗತೈತಿ. ಸ್ವಚ್ಛ ನೀರಾಗ ಇಟ್ರ ಹಳೂಕ ಹೊರಗ ಹಾಕತಾವ. ಪೂರಾ ಹಾಕಿದ್ವೋ ಇಲ್ಲೋ, ಅವೇನ ನನಗ ಹೇಳತಾವೇನು?"

ನನ್ನದು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ. ಖಾನಾಪುರದ ಆಚೆ, ಮಹದಾಯಿ ಸೇರುವ ಹಳ್ಳದ ದಂಡೆಯಲ್ಲಿ ತುಂಡು ಭತ್ತದ ಗದ್ದೆಯಿದೆ. ಇದನ್ನೆಲ್ಲ ತಾರಾಬಾಯಿ ಮೊದಲ ದಿನವೇ ಕೆದಕಿ ಕೇಳಿಯಾಗಿತ್ತು. ಒಂದು ವರ್ಷ, ಜೂನಿನ ಮಿರಗದ ಮಳೆ ಆಗಷ್ಟೇ ಹಿಡಿದಿತ್ತು. ಬಸುರಿ ಹೆಂಡತಿ ತಿಸರ್ಯಾ ಬಯಸಿದ್ದಾಳೆಂದು ಹೋಗಿ ಹೇಳಿದೆ.

"ಗದ್ದ್ಯಾಗಿನ ಕಸಕ್ಕ ಎಣ್ಣಿ ಹೊಡದಿಯೇನು?" ಎಂದಳು ತಾರಾಬಾಯಿ.

ಹಿಂದಿನ ವಾರವೇ ಬದುವಿಗೆಲ್ಲ ಕಳೆನಾಶಕ ಹೊಡೆದಿದ್ದೆ. ಅದೇ ಸಂಜೆ ಮಳೆ ಬಂದು ಅಷ್ಟನ್ನೂ ಹಳ್ಳಕ್ಕೆ ತೊಳೆದುಕೊಂಡು ಹೋಗಿತ್ತು. ಆ ನೀರು ಮಹದಾಯಿಯ ಜೊತೆ ಗೋವಾದ ಸಮುದ್ರಕ್ಕೇ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಇಲ್ಲ ಮಾವಶಿ, ಕೈಲೇ ಕಿತ್ತೀವಿ."

"ಹೂಂ. ನಾಕ ದಿನ ಬಿಟ್ಟ ಬಾ."

ಎಲ್ಲರಿಗೂ ಎರಡು ದಿನ, ನನಗೇಕೆ ನಾಲ್ಕು? ಯಾರೋ ದೊಡ್ಡ ಗಿರಾಕಿಗೆ ತೆಗೆದಿಟ್ಟು ನನ್ನನ್ನು ಸಾಗಹಾಕುತ್ತಿದ್ದಾಳೆ ಎಂದು ಸಿಟ್ಟು ನೆತ್ತಿಗೇರಿತು. ಐದನೆಯ ದಿನ ಹೋದರೆ, ನನ್ನ ಪಾಲಿನದು ಬೇರೆ ಟಬ್ಬಿನಲ್ಲಿ ಕಾದಿತ್ತು.

ಈ ಮಳೆಗಾಲದ ಮೊದಲಿಗೆ ಮಂಡಿನೋವು ಹೆಚ್ಚಾಗಿ ಅವಳು ಮಗಳ ಊರು ಕಾರವಾರಕ್ಕೆ ಹೊರಟಳು. ಮೂರು ವರ್ಷದ ಮಗನನ್ನು ಎತ್ತಿಕೊಂಡು ನೋಡಲು ಹೋದೆ. ಅವತ್ತು ಯಾಕೆ ನಾಲ್ಕು ದಿನ ಎಂದು ಆಗ ಕೇಳಿಯೇಬಿಟ್ಟೆ.

"ನೀ ಸುಳ್ಳ ಹೇಳಿದಿ, ಅದಕ. ಬಸರ ಹೆಂಗಸ ತಿನ್ನೂದು."

ತಾಯಿಯಂಥ ಹೆಂಗಸಿನ ಮೇಲೆ ಎಷ್ಟು ಸಿಟ್ಟು ಇಟ್ಟುಕೊಂಡಿದ್ದೆ! ಅವಳು ಮಗನ ಕೆನ್ನೆ ಹಿಂಡಿ, ನನ್ನನ್ನೇ ದಿಟ್ಟಿಸಿದಳು.

"ಈ ವರ್ಷ?"

ಈ ವರ್ಷವೂ ಹೊಡೆದಿದ್ದೆ. "ಇಲ್ಲ ಮಾವಶಿ" ಎಂದೆ. ಅವಳು ಗಂಟು ಎತ್ತಿಕೊಂಡು ಟೆಂಪೊ ಹತ್ತಿದಳು.

ಅವಳ ಜಾಗದಲ್ಲಿ ಈಗ ಕೂರುವವಳು ಬಂದ ದಿನವೇ ತಿಸರ್ಯಾ ಮಾರುತ್ತಾಳೆ. ಮಗ ಬೇಕೆಂದು ಹಟ ಹಿಡಿಯುತ್ತಾನೆ. ಆಕೆ ನಗುತ್ತ ತಕ್ಕಡಿ ಎತ್ತಿದರೆ ಸಾಕು, ನಾನು ಅವನ ಕೈ ಹಿಡಿದು ಎಳೆದುಕೊಂಡು ಬರುತ್ತೇನೆ. ಆಕೆ ನನ್ನನ್ನು ಗದ್ದೆಯ ಬಗ್ಗೆ ಏನೂ ಕೇಳುವುದೇ ಇಲ್ಲ.